ಆಣೆಗೆ ಸಿಗದ ಜಗಳ

ಏಪ್ರಿಲ್ 14, ಸೋಮವಾರ

ಇವತ್ತೂ ನಿಂಗರಾಜನ ಫೋನು ಬಂತು. ಇವತ್ತೂ ನಾನು ಎತ್ತಲಿಲ್ಲ. ಅಡುಗೆಕಟ್ಟೆಯ ಮೇಲೆ ಅದು ಗುಂಯ್‌ಗುಡುತ್ತಾ ಉಪ್ಪಿನ ಡಬ್ಬಿಯವರೆಗೆ ಸರಿದುಕೊಂಡು ಹೋಯಿತು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ನೋಡುತ್ತಾ ನಿಂತಿದ್ದೆ. ಹೆತ್ತ ಮಗ ಕರೆಯುತ್ತಿದ್ದಾನೆ, ಹೆತ್ತವಳು ಹಿಟ್ಟು ತಟ್ಟುತ್ತಿದ್ದಾಳೆ. ನನ್ನಂಥ ತಾಯಿ ಇಡೀ ಮಾನ್ವಿಯಲ್ಲಿ ಇನ್ನೊಬ್ಬಳಿರಲಾರಳು.

ತಪ್ಪು ನನ್ನದಲ್ಲ ಎಂದು ಇಲ್ಲಿಯಾದರೂ ಬರೆದುಕೊಳ್ಳುತ್ತೇನೆ. ಪಿಯುಸಿ ರಿಸಲ್ಟ್ ಬಂದ ದಿನ ಕೆಮಿಸ್ಟ್ರಿಯ ಮುಂದೆ ಅಂಕವೇ ಇರಲಿಲ್ಲ, ಗೈರುಹಾಜರಿ ಎಂದಿತ್ತು. ‘ಪೇಪರ್ ಭಾಳ ಸರಳ ಇತ್ತು ಯವ್ವಾ’ ಎಂದು ಹೇಳಿ ನನ್ನಿಂದ ಹೋಳಿಗೆ ಮಾಡಿಸಿಕೊಂಡು ತಿಂದಿದ್ದ ಮಗ ಆ ಪರೀಕ್ಷೆಗೇ ಹೋಗಿರಲಿಲ್ಲ. ನನ್ನ ಗಂಡ ಸಿದ್ದರಾಮಪ್ಪ ಬಸ್ ಕಂಡಕ್ಟರು. ಮಗ ಡಾಕ್ಟರಾಗುತ್ತಾನೆಂದು ಡಿಪೋದ ತುಂಬಾ ಹೇಳಿಕೊಂಡು ಬಂದವರು. ಫೇಲಾಗಿದ್ದರೆ ತಡೆದುಕೊಳ್ಳುತ್ತಿದ್ದರೇನೋ, ಸುಳ್ಳನ್ನು ತಡೆದುಕೊಳ್ಳಲಿಲ್ಲ. ಬಾಯಿಗೆ ಬಂದಂತೆ ಬೈದರು. ಮಗ ಬ್ಯಾಗು ಹೆಗಲಿಗೇರಿಸಿಕೊಂಡು ರಾಯಚೂರಿಗೆ ಹೋಗಿಬಿಟ್ಟ. ಅಲ್ಲಿ ಸಲಾವುದ್ದೀನ್ ಎಂಬ ಗೆಳೆಯನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ, ಅದೇ ಅಂಗಡಿಯ ಅಟ್ಟದ ಮೇಲೆ ನಿದ್ದೆ.

ಅವನು ಹೊಸ್ತಿಲು ದಾಟಿದ ಮೇಲೆ ಇವರು ಹೊಳೆದಂಡೆಯ ಗೂಗಲ್ ಎಂಬ ಊರಿನ ನಮ್ಮ ಮನೆದೇವರ ಫೋಟೋದ ಮುಂದೆ ನಿಂತು ನನಗೆ ಆಣೆ ಹಾಕಿದರು.

“ತಪ್ಪಾತು ಅನ್ನೋತನಕ ನೀ ಅವಗ ಫೋನ್ ಮಾಡಂಗಿಲ್ಲ, ಅವನ ಫೋನ್ ಎತ್ತಂಗಿಲ್ಲ, ಹೋಗಿ ನೋಡಂಗಿಲ್ಲ, ಮಾತಾಡಂಗಿಲ್ಲ. ನಾನೂ ಅವನ ಮಾರಿ ನೋಡಂಗಿಲ್ಲ. ಗೂಗಲ್ ಅಲ್ಲಮಪ್ರಭುನ ಆಣಿ, ನನ್ನ ತಲಿ ಮ್ಯಾಲಿನ ಆಣಿ.”

ನಾನು ಪೋತ್ನಾಳದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬೆಕ್ಕು ಅಡ್ಡ ಬಂದರೆ ಏನೂ ಆಗುವುದಿಲ್ಲವೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಆಣೆ ಮುರಿದರೂ ಏನೂ ಆಗುವುದಿಲ್ಲ, ಗೊತ್ತು. ಆದರೆ ಆಣೆ ಕೂತಿರುವುದು ಈ ಮನುಷ್ಯನ ತಲೆಯ ಮೇಲೆ. ಈ ಮನುಷ್ಯ ದಿನವಿಡೀ ಓಡುವ ಬಸ್ಸಿನ ಬಾಗಿಲಿಗೆ ಜೋತುಬಿದ್ದಿರುತ್ತಾರೆ. ಅಷ್ಟು ದೂರದವರೆಗೆ ವಿಜ್ಞಾನ ನನ್ನ ಜೊತೆ ಬರುವುದಿಲ್ಲ.

ಮರುಪರೀಕ್ಷೆಗೆ ಅರ್ಜಿ ಹಾಕಲು ಮೇ 10 ಕೊನೆಯ ದಿನ. ಅಷ್ಟರೊಳಗೆ ಅವನು ಬರಬೇಕು, ಬರಲೇಬೇಕು. ಒಂದು ವರ್ಷ ಹಾಳಾದರೆ ಮಂದಿಗೆ ಏನೆಂದು ಹೇಳಲಿ?

ಏಪ್ರಿಲ್ 18, ಶುಕ್ರವಾರ

ನಿನ್ನೆ ಫೋನು ಬರಲಿಲ್ಲ. ಇವತ್ತೂ ಇಲ್ಲ. ಬಂದಾಗ ಎತ್ತಲಾಗದ ಸಂಕಟವೇ ಎಷ್ಟೋ ವಾಸಿಯಿತ್ತು.

ಏಪ್ರಿಲ್ 20, ಭಾನುವಾರ

ಪಕ್ಕದ ಮನೆಯ ಅಲ್ಮಾಸ್ ಬಂದಿದ್ದಳು. ತರಕಾರಿ ವ್ಯಾಪಾರದ ಅಮೀರ್ ಸಾಬರ ಮಗಳು, ನಿಂಗರಾಜನ ಜೊತೆ ಒಂದನೇ ಕ್ಲಾಸಿನಿಂದ ಓದಿದವಳು. ಆಣೆಯ ವಿಷಯ ನಾನು ಹೇಳದೆಯೇ ಅವಳಿಗೆ ಗೊತ್ತಾಗಿದೆ. ಗೋಡೆಗೆ ಗೋಡೆ ಹತ್ತಿದ ಮನೆಗಳು, ಗುಟ್ಟು ಎಲ್ಲಿ ಉಳಿಯಬೇಕು! ಅವಳು ಅದನ್ನು ಅವನಿಗೂ ತಿಳಿಸಿದ್ದಾಳೆ.

“ಅದಕ್ಕ ಏನಂದ?” ಎಂದೆ.

ಅಲ್ಮಾಸ್ ದುಪಟ್ಟಾದ ತುದಿ ಸುತ್ತುತ್ತಾ ಕೂತಳು. ಒತ್ತಾಯ ಮಾಡಿದ ಮೇಲೆ ಹೇಳಿದಳು. “ಯವ್ವಗ ಆಣಿ ದೊಡ್ಡದಾತು, ನಾ ಸಣ್ಣಾವ ಆದೆ, ಅಂದ ರೀ ಟೀಚರ್.”

ನನಗೆ ಅಳು ಬಂತು. ಅವಳ ಮುಂದೆಯೇ ಅತ್ತೆ. ಅದನ್ನು ನೋಡಲಾಗದೆ ಅವಳು ತನ್ನ ಫೋನು ತೆಗೆದು ಒಂದು ಆಟ ತೋರಿಸಿದಳು. ಹೆಸರುಗಳ ಪಟ್ಟಿಯಲ್ಲಿ ನಿಂಗರಾಜನ ಹೆಸರು, ಅದರ ಪಕ್ಕದಲ್ಲಿ ಸಣ್ಣ ಹಸಿರು ಚುಕ್ಕೆ.

“ಹಸಿರು ಅದ ಅಂದ್ರ ಅವಾ ಈಗ ಆಡಾಕತ್ತಾನ ಅಂತ. ದಿನಾ ಸಂಜಿಗಿ ಬರ್ತಾನ್ರಿ.”

ಆ ಚುಕ್ಕೆಯನ್ನು ಎಷ್ಟು ಹೊತ್ತು ನೋಡಿದೆನೋ. ಅಂದರೆ ಇದ್ದಾನೆ, ಉಂಡಿದ್ದಾನೆ, ಬೆರಳಾಡಿಸುವಷ್ಟು ಶಕ್ತಿಯಿದೆ.

“ಇದ್ರಾಗ ಮಾತಾಡಬೇಕೇನು?” ಎಂದು ಹೆದರುತ್ತಲೇ ಕೇಳಿದೆ.

“ಮಾತಿಲ್ಲ ಕತಿ ಇಲ್ಲ. ಬರೇ ಜಗಳ ರೀ.”

ರಾತ್ರಿ ಅಡುಗೆ ಮಾಡುತ್ತಾ ಆಣೆಯನ್ನು ಒಂದೊಂದೇ ಪದ ಬಿಡಿಸಿ ನೋಡಿದೆ. ಫೋನು ಮಾಡಬಾರದು, ಎತ್ತಬಾರದು, ನೋಡಬಾರದು, ಮಾತಾಡಬಾರದು. ಜಗಳವಾಡಬಾರದು ಎಂದು ಇವರು ಎಲ್ಲಿಯೂ ಹೇಳಿಲ್ಲ.

ಏಪ್ರಿಲ್ 23, ಬುಧವಾರ

ಆಟ ಹಾಕಿಸಿಕೊಂಡೆ. ಗೆಳೆತನ ಕೋರುವ ಗುಂಡಿ ಒತ್ತಿ ನಿಂಗರಾಜನಿಗೆ ಕಳಿಸಿದೆ, ಕಳ್ಳ ಹೆಸರು ಯಾಕೆ ಎಂದು ‘ದೇವಿಕಾ ಟೀಚರ್’ ಎಂದೇ ಕೊಟ್ಟೆ. ಹಸಿರು ಚುಕ್ಕೆ ಇತ್ತು, ಉತ್ತರ ಬರಲಿಲ್ಲ. ನೋಡಿದ್ದಾನೆ. ನೋಡಿಯೂ ಸುಮ್ಮನಿದ್ದಾನೆ. ಇರಲಿ, ನಾನು ಫೋನು ಎತ್ತದೆ ಇದ್ದವಳಲ್ಲವೇ.

ಕಾಯುವ ಹೊತ್ತಿನಲ್ಲಿ ಅಲ್ಮಾಸ್ ಪಾಠ ಹೇಳಿಕೊಡುತ್ತಿದ್ದಾಳೆ. ಆಕಾಶದಲ್ಲಿ ತೇಲುವ ಒಂದು ಕಟ್ಟೆ. ಇಬ್ಬರು ಅದರ ಮೇಲೆ ನಿಂತು ಹೊಡೆದಾಡಬೇಕು. ಕಟ್ಟೆಯಿಂದ ಕೆಳಗೆ ಬಿದ್ದವರ ಒಂದು ಜೀವ ಹೋಯಿತು, ಒಬ್ಬೊಬ್ಬರಿಗೆ ಮೂರು ಜೀವ. ಪೆಟ್ಟು ತಿಂದಷ್ಟೂ ಹಗುರಾಗುತ್ತಾ ಹೋಗುತ್ತಾರೆ, ಮುಂದಿನ ಪೆಟ್ಟಿಗೆ ಇನ್ನಷ್ಟು ದೂರ ಹಾರುತ್ತಾರೆ. ಇಷ್ಟೇ ಆಟ. ಜಗಳಗಂಟರ ಗುಂಪಿನಲ್ಲಿ ನಮಗೆ ಬೇಕಾದವರನ್ನು ಆರಿಸಿಕೊಳ್ಳಬಹುದು.

“ನಿಮ್ಮ ಬೆರಳು ಭಾಳ ಸಾವಕಾಶ ಟೀಚರ್. ನಿಮಗ ಉದ್ದಕ ಹೊಡಿಯಾಕಿನss ಬೇಕು” ಎಂದು ಅವಳು ಒಬ್ಬಳನ್ನು ತೋರಿಸಿದಳು. ಅವಳ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಜಡೆಯಮ್ಮ ಎಂದು ನಾನೇ ನಾಮಕರಣ ಮಾಡಿದೆ. ಕೈಯಲ್ಲಿ ಹೊಡೆಯುವುದಿಲ್ಲ, ಜಡೆಯಲ್ಲಿ ಹೊಡೆಯುತ್ತಾಳೆ. ಅರ್ಧ ಕಟ್ಟೆಯಷ್ಟು ಉದ್ದದ ಜಡೆ, ತುದಿಗೆ ಹಿತ್ತಾಳೆಯ ಗುಂಡು. ಎದುರಿನವರ ಮುಷ್ಟಿ ಮುಟ್ಟದಷ್ಟು ದೂರದಲ್ಲಿ ನಿಂತೇ ಬೀಸುತ್ತಾಳೆ. ಗುಂಡು ಸರಿಯಾಗಿ ತಾಗಿತೋ, ಎದುರಿನವನು ಸೀದಾ ಆಕಾಶಕ್ಕೆ. ತಾನೇ ಕೆಳಗೆ ಬಿದ್ದರೂ ಜಡೆಯನ್ನು ಬೀಸಿ ಕಟ್ಟೆಯ ಅಂಚಿಗೆ ಸಿಕ್ಕಿಸಿ ಮೇಲೆ ಬರುತ್ತಾಳೆ.

ನನಗೆ ಹೇಳಿ ಮಾಡಿಸಿದ ಹೆಣ್ಣು. ಹಲಗೆಯ ಹತ್ತಿರ ನಿಂತೇ ಕೊನೆಯ ಸಾಲಿನವನಿಗೆ ಗುರಿಯಿಟ್ಟು ಸೀಮೆಸುಣ್ಣ ತಾಗಿಸುವವಳು ನಾನು. ಮಾನ್ವಿಯಲ್ಲಿ ಕೂತೇ ರಾಯಚೂರಿನ ಹಾಸ್ಟೆಲ್ಲಿನಲ್ಲಿ ಮಗ ಎದ್ದನೇ, ಸ್ನಾನ ಮಾಡಿದನೇ, ಓದುತ್ತಿದ್ದಾನೆಯೇ ಎಂದು ಎರಡು ವರ್ಷ ಬೆಳಿಗ್ಗೆ ಸಂಜೆ ಫೋನಿನಲ್ಲೇ ನೋಡಿಕೊಂಡವಳು.

ಏಪ್ರಿಲ್ 26, ಶನಿವಾರ

ಒಪ್ಪಿಕೊಂಡ! ಸಂಜೆ ಚಹಾಕ್ಕೆ ನೀರಿಟ್ಟಿದ್ದೆ, ಫೋನು ಮಿನುಗಿತು, ಚಹಾ ಹಾಗೇ ಉಕ್ಕಿ ಹೋಯಿತು.

ಆಡಿದೆವು. ಅವನದು ಒಬ್ಬ ಗಿಡ್ಡ, ದುಂಡಗಿನ, ಮಿಂಚಿನಂತೆ ಓಡುವ ಮುಷ್ಟಿಕಾಳಗದವನು. ಗಿಡ್ಡಪ್ಪ ಎಂದು ಕರೆದಿದ್ದೇನೆ. ಜಡೆಯಮ್ಮನ ಗುಣಗಾನ ಮಾಡಿದ್ದೆನಲ್ಲ, ಈಗ ದೋಷಗಳನ್ನೂ ಬರೆಯುತ್ತೇನೆ, ಅವು ನನಗೆ ಮೈ ಮೇಲೆಯೇ ಗೊತ್ತಾದವು. ಜಡೆ ಬೀಸಿ ಗುರಿ ತಪ್ಪಿದರೆ ಅದನ್ನು ಸುತ್ತಿಕೊಳ್ಳಲು ಅವಳಿಗೆ ಒಂದು ಯುಗ ಬೇಕು. ಅಷ್ಟರಲ್ಲಿ ಗಿಡ್ಡಪ್ಪ ಒಳಗೆ ನುಗ್ಗಿರುತ್ತಾನೆ. ಒಳಗೆ ಬಂದವನ ಮೇಲೆ ಜಡೆ ನಡೆಯುವುದಿಲ್ಲ, ಗುಂಡು ಅವನ ಬೆನ್ನ ಹಿಂದೆ ಎಲ್ಲೋ ಗಾಳಿಯಲ್ಲಿ ತಿರುಗುತ್ತಿರುತ್ತದೆ. ಮೈ ಹಗುರ ಬೇರೆ, ಎರಡು ಗುದ್ದಿಗೆ ಹಾರಿ ಬೀಳುತ್ತಾಳೆ. ಬಿದ್ದವಳು ಮೇಲೆ ಬರಲು ಜಡೆ ಸಿಕ್ಕಿಸುವುದು ಅಂಚಿಗೇ ಎಂದು ಎಲ್ಲರಿಗೂ ಗೊತ್ತು, ಅವನು ಅಲ್ಲೇ ಕಾದು ನಿಂತು ಮತ್ತೆ ತಳ್ಳುತ್ತಾನೆ.

ನನ್ನ ಮಗ ನನ್ನನ್ನು ಹಿಗ್ಗಾಮುಗ್ಗಾ ಹೊಡೆದ. ಒಂದೊಂದು ಪೆಟ್ಟೂ ನಾನು ಎತ್ತದ ಒಂದೊಂದು ಫೋನು ಅನ್ನಿಸಿತು. ಹೊಡೆಯಲಿ. ನನ್ನ ಜೀವಮಾನದಲ್ಲಿ ಇಷ್ಟು ಪೆಟ್ಟು ತಿಂದು ಇಷ್ಟು ನೆಮ್ಮದಿಯಾದದ್ದಿಲ್ಲ. ಆದರೆ ಕೊನೆಯ ಜೀವ ಹೋದ ಕೂಡಲೇ ಅವನ ಚುಕ್ಕೆ ಆರಿತು. ಸಾಕೆನ್ನಿಸಿತೋ, ಬೇಡವೆನ್ನಿಸಿತೋ? ನಾಳೆ ಬರದಿದ್ದರೆ? ಮರುಪರೀಕ್ಷೆಯ ವಿಷಯವನ್ನು ಜಡೆಯಲ್ಲಿ ಹೇಗೆ ತಿಳಿಸುವುದು?

ಮೇ 1, ಗುರುವಾರ

ದಿನಾ ಬರುತ್ತಿದ್ದಾನೆ. ದಿನಾ ಹೊಡೆಯುತ್ತಿದ್ದಾನೆ. ಇವತ್ತು ಆಟ ಶುರುವಾಗುವ ಮುಂಚೆ ಗಿಡ್ಡಪ್ಪ ದೂರದಲ್ಲಿ ನಿಂತು ಕುಕ್ಕರಿಸಿ ಕೂತ, ಎದ್ದ, ಮತ್ತೆ ಕೂತ. ಫೋನು ಕೆಟ್ಟಿತೇನೋ ಎಂದು ಗಾಬರಿಯಾದೆ.

“ಅದು ನಮಸ್ಕಾರ ರೀ ಟೀಚರ್. ಆಡಾಕ ಬಂದೋರು ಹಂಗ ಮಾಡ್ತಾರ. ನೀವೂ ಮಾಡ್ರಿ” ಎಂದಳು ಅಲ್ಮಾಸ್.

ಮಾಡಲೇ? ತಲೆಯಾಡಿಸುವುದೂ ಮಾತಾಗುವುದಿಲ್ಲವೇ? ಪರೀಕ್ಷೆಯ ಕೋಣೆಯಲ್ಲಿ ಹುಡುಗರು ತಲೆಯಾಡಿಸಿದರೆ ನಾನೇ ನಕಲು ಎಂದು ಹಿಡಿದಿದ್ದೇನೆ. ಇವರು ಆ ಹೊತ್ತಿಗೆ ಎಲ್ಲೋ ಸಿರವಾರದ ತಿರುವಿನಲ್ಲಿ ಬಾಗಿಲಿಗೆ ನಿಂತಿರುತ್ತಾರೆ. ಹೆದರಿ ಹೆದರಿ ಕೊನೆಗೆ ಜಡೆಯಮ್ಮನನ್ನೂ ಒಂದು ಸಲ ಕೂರಿಸಿ ಎಬ್ಬಿಸಿದೆ. ‘ಉಂಡಿಯೇನೋ?’ ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಬಾಯಿ ಬಿಡಲಿಲ್ಲ. ಗಿಡ್ಡಪ್ಪ ತಕ್ಷಣ ಕೂತೆದ್ದ. ಉಂಡಿದ್ದಾನೆ.

ಇವರು ಕ್ಷೇಮವಾಗಿ ಮನೆಗೆ ಬಂದ ಮೇಲೆಯೇ ನನಗೆ ಉಸಿರು ಬಂದದ್ದು. ಬಂದವರು ನನ್ನ ಕೈಯಲ್ಲಿನ ಫೋನು ನೋಡಿದರು.

“ಯಾರ ಕೂಡ ಆಡಾಕತ್ತಿ?”

“ನಿಮ್ಮ ಮಗನ ಕೂಡ. ಮಾತಾಡಿಲ್ಲ. ಹೊಡದಾಡಾಕತ್ತೀವಿ ಅಷ್ಟss.”

ಸಿಡಿಯುತ್ತಾರೆಂದುಕೊಂಡೆ. ಸಮವಸ್ತ್ರದ ಗುಂಡಿ ಬಿಚ್ಚುತ್ತಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಹೊಡದಾಡ್ರಿ ಹಂಗಾರ. ನನ್ನ ಪರವಾಗಿ ಎರಡು ಹಾಕು ಅವಗ” ಎಂದು ಬಚ್ಚಲಿಗೆ ಹೋದರು.

ಮೇ 5, ಸೋಮವಾರ

ಅಲ್ಮಾಸ್ ಕೈಯಲ್ಲಿ ಬೈಸಿಕೊಂಡೆ. ಗಿಡ್ಡಪ್ಪ ಹತ್ತಿರ ಬಂದ ಕೂಡಲೇ ನಾನು ಹೆದರಿ ಜಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತೇನಂತೆ, ಅದೇ ನನ್ನ ರೋಗವಂತೆ.

“ಒಳಗ ಬಂದಾಗ ಬೀಸಬ್ಯಾಡ್ರಿ ಟೀಚರ್. ಢಾಲು ಹಿಡದು ಸುಮ್ಮ ನಿಂದರ್ರಿ. ಅವಾ ಹೊಡದು ಹೊಡದು ದಣೀಲಿ.”

“ಸುಮ್ಮನ ನಿಂದರೋದು ನನಗ ಬರಂಗಿಲ್ಲ ಅಲ್ಮಾಸ್.”

“ಅದು ಗೊತ್ತದ ರೀ. ಏಳನೇತ್ತಾದಾಗ ನಿಮ್ಮ ಕ್ಲಾಸಿನಾಗ ಇದ್ದೆ ನಾ” ಎಂದಳು ಬೆರಕಿ.

ಸಂಜೆ ಜಡೆಯಮ್ಮನ ಕೈಗೆ ಗುರಾಣಿ ಕೊಟ್ಟು ಹಲ್ಲು ಕಚ್ಚಿ ಸುಮ್ಮನೆ ನಿಂತೆ. ಗಿಡ್ಡಪ್ಪ ಬಂದ, ಢಾಲಿನ ಮೇಲೆ ಗುದ್ದಿದ, ಗುದ್ದಿದ. ಬೀಸು ಬೀಸು ಎಂದು ಹೆಬ್ಬೆರಳು ತುರಿಸುತ್ತಿತ್ತು, ಬೀಸಲಿಲ್ಲ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಆ ಒಂದು ಹೆಜ್ಜೆಯೇ ಜಡೆಯ ಗುಂಡಿಗೆ ಬೇಕಾದ ದೂರ. ಬೀಸಿದೆ. ಗಿಡ್ಡಪ್ಪ ಆಕಾಶದಲ್ಲಿ ನಕ್ಷತ್ರವಾಗಿಹೋದ. ನಾನು ಅಂಗಳಕ್ಕೆ ಓಡಿಬಂದು ‘ಅಲ್ಮಾಸ್’ ಎಂದು ಕೂಗಿದ್ದಕ್ಕೆ ಬೀದಿಯವರೆಲ್ಲ ಹಾವು ಬಂತೆಂದು ತಿಳಿದರು.

ಮುಂದೆ ಆದದ್ದನ್ನು ಅಲ್ಮಾಸಳಿಗೂ ಹೇಳಲಿಲ್ಲ. ಕೊನೆಯ ಜೀವದಲ್ಲಿ ಅವನು ನನ್ನನ್ನು ಕೆಳಗೆ ತಳ್ಳಿದ. ನಾನು ಜಡೆಯನ್ನು ಅಂಚಿಗೆ ಸಿಕ್ಕಿಸಿ ನೇತಾಡುತ್ತಿದ್ದೆ. ಎಂದಿನಂತೆ ಅವನು ಅಂಚಿನಲ್ಲಿ ಕಾದು ನಿಂತಿದ್ದ, ಒಂದು ಗುದ್ದಿದರೆ ಮುಗಿಯುತ್ತಿತ್ತು. ಗುದ್ದಲಿಲ್ಲ. ಹಿಂದೆ ಸರಿದು ದಾರಿ ಬಿಟ್ಟು ನಿಂತ. ನಾನು ಮೇಲೆ ಬಂದೆ. ಮೇಲೆ ಬಂದ ಮೇಲೆ ಹೊಡೆದು ಗೆದ್ದ, ಆ ಮಾತು ಬೇರೆ. ನನ್ನ ಮಗ ನನ್ನನ್ನು ಮೇಲೆ ಬರಲು ಬಿಟ್ಟ.

ಮೇ 10, ಶನಿವಾರ

ಇವತ್ತು ಏನೋ ಮಾಡಬೇಕಿತ್ತು, ಬೆಳಗಿನಿಂದ ನೆನಪಾಗುತ್ತಿಲ್ಲ. ಗ್ಯಾಸಿಗೆ ಹೇಳಿದ್ದಾಯಿತು, ಮೆಣಸಿನಕಾಯಿ ಬಿಸಿಲಿಗೆ ಹಾಕಿದ್ದಾಯಿತು. ಹೋಗಲಿ, ಮುಖ್ಯವಾದದ್ದಾದರೆ ತಾನೇ ನೆನಪಾಗುತ್ತದೆ.

ಮೊದಲ ಸಲ ಪೂರ್ತಿ ಆಟ ಗೆದ್ದೆ. ಅವನು ಸೋತು ನಾಲ್ಕೈದು ಸಲ ಕೂತೆದ್ದು ಮಾಡಿದ, ನಗುತ್ತಿದ್ದಾನೆ ಎಂದೇ ನನ್ನ ನಂಬಿಕೆ. ರಿಪೇರಿ ಅಂಗಡಿಯಲ್ಲಿ ಅವನ ಕೈ ಕುದುರಿದೆಯಂತೆ. ಒಡೆದ ಪರದೆ ಕೂರಿಸುವುದರಲ್ಲಿ ಸಲಾವುದ್ದೀನನನ್ನೇ ಮೀರಿಸಿದ್ದಾನೆಂದು ಅಲ್ಮಾಸ್ ಹೇಳಿದಳು. ಚಿಕ್ಕವನಿದ್ದಾಗ ರೇಡಿಯೋ ಬಿಚ್ಚಿ ನನ್ನಿಂದ ಹೊಡೆಸಿಕೊಂಡಿದ್ದ.

ಇವರು ಸೀಟಿ ಹುಡುಕುವ ನೆಪದಲ್ಲಿ ನನ್ನ ಬೆನ್ನ ಹಿಂದೆ ಬಂದು ನಿಂತರು. ಸೀಟಿ ಅವರ ಕೊರಳಲ್ಲೇ ಇತ್ತು.

“ಹಸಿರು ಅದ ಏನು?”

“ಅದ.”

“ಹೂಂ” ಎಂದು ಹೊರಟುಹೋದರು.

ದಿನಾ ರಾಯಚೂರಿಗೆ ಹೋಗಿ ಬರುವ ಮನುಷ್ಯ. ಬಸ್ ಸ್ಟ್ಯಾಂಡಿನಿಂದ ಮಗನ ಅಂಗಡಿಗೆ ಎರಡು ಗಲ್ಲಿ. ಅಷ್ಟು ದೂರ ಹೋಗಿ ಮರಳಿ ಮನೆಗೆ ಬಂದು ನನ್ನ ಫೋನಿನಲ್ಲಿ ಚುಕ್ಕೆ ನೋಡುತ್ತಾರೆ. ಸಿಟ್ಟು ಬಂತು, ಪಾಪವೂ ಅನ್ನಿಸಿತು.

ಮೇ 15, ಗುರುವಾರ

ಇವತ್ತು ಅವನ ಆಟ ಸರಿಯಿರಲಿಲ್ಲ. ಗಿಡ್ಡಪ್ಪ ತಡವಾಗಿ ಹಾರುತ್ತಿದ್ದ, ಗುದ್ದು ಗುರಿ ತಪ್ಪುತ್ತಿತ್ತು, ಒಂದು ಸಲ ಸುಮ್ಮನೆ ನಿಂತೇ ಬಿಟ್ಟ. ನಾನು ಎರಡು ಜೀವ ತೆಗೆದೆ. ಬೇಜಾರಿನಲ್ಲಿದ್ದಾನೆ ಎಂದುಕೊಂಡೆ. ಮೊನ್ನೆಯಿಂದ ನನ್ನ ಕೈಲಿ ಸೋಲುತ್ತಿದ್ದಾನಲ್ಲ, ಅವಮಾನವಾಯಿತೇನೋ. ಹಾಗಾಗಿ ಮೂರನೆಯದರಲ್ಲಿ ಜಡೆಯನ್ನು ಬೇಕೆಂದೇ ಅತ್ತ ಇತ್ತ ಬೀಸಿ ಅಂಚಿಗೆ ಹೋಗಿ ನಿಂತೆ. ತಳ್ಳಲಿ, ಗೆಲ್ಲಲಿ.

ಅವನು ತಳ್ಳಲಿಲ್ಲ. ನನ್ನನ್ನು ನೋಡುತ್ತಾ ನಿಂತಂತೆ ನಿಂತ. ಆಮೇಲೆ ಚುಕ್ಕೆ ಆರಿತು.

ಎಂಥ ಕೆಲಸ ಮಾಡಿದೆ! ಅವನು ಮಗು ಅಲ್ಲ. ಬೇಕೆಂದು ಸೋಲುವವರನ್ನು ಅವನು ನೂರು ಹೆಜ್ಜೆ ದೂರದಿಂದ ಗುರುತಿಸುತ್ತಾನೆ. ಹೊಡೆದಾಟವೊಂದರಲ್ಲಾದರೂ ನಾನು ಅವನಿಗೆ ಸುಳ್ಳು ಹೇಳಬಾರದಿತ್ತು.

ಮೇ 16, ಶುಕ್ರವಾರ

ಚುಕ್ಕೆ ಇಲ್ಲ.

ಮೇ 17, ಶನಿವಾರ

ಇಲ್ಲ. ಅಲ್ಮಾಸ್ ಅವನ ಫೋನಿಗೆ ಹಚ್ಚಿದಳು, ಸ್ವಿಚ್ ಆಫ್. ಸಲಾವುದ್ದೀನನಿಗೆ ಹಚ್ಚಿದಳು. ಅವನು ಅಕ್ಕನ ಮದುವೆಗೆಂದು ಹೈದರಾಬಾದಿಗೆ ಹೋಗಿದ್ದಾನೆ, ‘ನಾ ಬರುವಾಗ ಚಲೋನೇ ಇದ್ದ, ಅಂಗಡಿ ನೋಡ್ಕೋತೀನಿ ಅಂದ’ ಎಂದನಂತೆ. ರೊಟ್ಟಿ ಬಡಿಯಲು ಕೂತು ಹಿಟ್ಟು ಹಾಗೇ ಮುಚ್ಚಿಟ್ಟು ಎದ್ದೆ. ಇವರು ಏನೂ ಕೇಳಲಿಲ್ಲ, ನಿನ್ನೆಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡರು.

ಮೇ 18, ಭಾನುವಾರ

ಇಲ್ಲ.

ಆ ಅಟ್ಟದ ಮೇಲೆ ತಗಡಿನ ಛಾವಣಿ ಇದೆಯಂತೆ. ರಾಯಚೂರಿನ ಬಿಸಿಲಿನಲ್ಲಿ ತಗಡಿನ ಕೆಳಗೆ ಒಬ್ಬನೇ. ನಾನು ಸೋತದ್ದಕ್ಕೆ ಸಿಟ್ಟಾಗಿದ್ದಾನೆ, ಅಷ್ಟೇ. ಸಿಟ್ಟಾಗಿರಲಿ ದೇವರೇ. ಬರೀ ಸಿಟ್ಟಾಗಿರಲಿ.

ಮೇ 19, ಸೋಮವಾರ

ಸಂಜೆ ಇವರು ಡ್ಯೂಟಿ ಮುಗಿಸಿ ಬಂದು ಚೀಲ ಇಳಿಸುವ ಮೊದಲೇ “ಹಸಿರು ಅದ ಏನು?” ಎಂದರು.

“ಇಲ್ಲ.”

ಚೀಲ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತರು. “ಅಂಗಡಿ ಬಾಗಲಾ ಹಾಕ್ಯಾದ. ಶುಕ್ರವಾರದಿಂದ ತೆಗದಿಲ್ಲ.”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ನಿಮಗ ಹೆಂಗ ಗೊತ್ತು?”

“ಎದುರಿಗೆ ಚಾದ ಹೋಟಲ್ ಅದ. ಬಸ್ ನಿಂತಾಗ ದಿನಾ ಒಂದು ಚಾ ಕುಡಿತೀನಿ ಅಲ್ಲಿ. ಮಾರಿ ನೋಡಿಲ್ಲ ನಾ, ಆಣಿ ಹಾಕ್ಕೊಂಡೀನಲ್ಲ. ಬೆನ್ನು ನೋಡ್ತೀನಿ. ಬಾಗಿ ಕುಂತು ಕೆಲಸ ಮಾಡ್ತಿರ್ತಾನ, ಬೆನ್ನು ಕಾಣತದ.”

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾನು ಇವರ ಮೇಲೆ ಇವತ್ತು ಕೂಗಿದಷ್ಟು ಎಂದೂ ಕೂಗಿಲ್ಲ. ಹಾಗಾದರೆ ಶುಕ್ರವಾರದಿಂದ ಗೊತ್ತಿದ್ದೂ ಸುಮ್ಮನಿದ್ದಿರಿ, ಬಾಗಿಲು ಬಡಿಯಬೇಕೆನ್ನಿಸಲಿಲ್ಲವೇ ನಿಮಗೆ, ನೀವು ಅಪ್ಪನೋ ಟಿಕೆಟ್ ಮಷೀನೋ ಎಂದೆ. ಅಮೀರ್ ಸಾಬರ ಮನೆಯ ಟಿವಿ ಸದ್ದು ನಿಂತಿತು, ನಿಲ್ಲಲಿ.

“ಆಣಿ ಬಿಡ್ರಿ. ಈಗಿಂದೀಗ ಬಿಟ್ಟೆ ಅನ್ರಿ.”

“ಬಾಯಿಲೇ ಬಿಡಾಕ ಬರಂಗಿಲ್ಲ ಅದು. ಅಲ್ಲಮಪ್ರಭುನ ಹೆಸರು ತಗೊಂಡೀನಿ. ನಮ್ಮ ಮನ್ಯಾಗ ಆಣಿ ಇಟ್ಟಾವ ಗೂಗಲ್ಲಿಗೆ ಹೋಗಿ, ಹೊಳ್ಯಾಗ ಮುಣಗಿ, ಕಾಯಿ ಒಡಿಸಿ ಬಿಡಿಸ್ಕೊಬೇಕು. ಹಂಗ ಬಿಟ್ಟು ನಮ್ಮ ಕಾಕಾ...”

“ನಿಮ್ಮ ಕಾಕಾ ಕುಡದು ಸತ್ತ. ಆಣಿ ಮುರದಲ್ಲ.”

ಇವರು ಚೀಲದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಇವರೂ ಹೆದರಿದ್ದಾರೆ ಎಂದು ಆಗ ನನಗೆ ತಿಳಿಯಿತು. ಒಬ್ಬರು ಹೆದರಿದರೆ ಇನ್ನೊಬ್ಬರು ಧೈರ್ಯ ಹೇಳಬಹುದು, ಇಬ್ಬರೂ ಹೆದರಿದ ಮನೆಯಲ್ಲಿ ದೀಪ ಹಚ್ಚುವವರೂ ಇರುವುದಿಲ್ಲ.

ಮೇ 20, ಮಂಗಳವಾರ

ಬೆಳಿಗ್ಗೆ ಎದ್ದಾಗ ಇವರು ಇರಲಿಲ್ಲ. ಬಾಗಿಲ ಬಳಿ ಕಸ ಗುಡಿಸುತ್ತಿದ್ದ ಅಲ್ಮಾಸ್, “ದೇವದುರ್ಗದ ಬಸ್ ಹತ್ತಿದ್ರು ಅಂತ ನಮ್ಮ ಅಬ್ಬಾ ಅಂದ್ರು ಟೀಚರ್” ಎಂದಳು. ಗೂಗಲ್ಲಿಗೆ ಹೋಗಿದ್ದಾರೆ. ಮಗ ಬಾಗಿಲು ಹಾಕಿಕೊಂಡು ಬಿದ್ದಿದ್ದಾನೆ, ಅಪ್ಪ ಹೊಳೆಯಲ್ಲಿ ಮುಳುಗಲು ಹೋಗಿದ್ದಾರೆ. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಇವರು ಅಲ್ಲಿಗೆ ಮುಟ್ಟಿ, ಕಾಯಿ ಒಡೆಸಿ, ಮರಳಿ ಬಂದು ನನಗೆ ಅಪ್ಪಣೆ ಕೊಡುವವರೆಗೆ ಕಾಯುತ್ತಾ ಮಧ್ಯಾಹ್ನದವರೆಗೆ ಕೂತೆ. ಆಮೇಲೆ ಕೂರಲಾಗಲಿಲ್ಲ.

ಹೋಗುತ್ತೇನೆ. ಆಣೆಯ ಪಾಪ ಇದ್ದರೆ ಅದು ನನ್ನ ತಲೆಯ ಮೇಲೆ ಬರಲಿ, ಇವರ ತಲೆಯ ಮೇಲೆ ಬೇಡ ಎಂದು ದೇವರ ಫೋಟೋಕ್ಕೆ ಹೇಳಿದೆ. ಒಂದು ಜೊತೆ ಬಟ್ಟೆ, ರೊಟ್ಟಿ, ಶೇಂಗಾ ಚಟ್ನಿ, ಈ ಡೈರಿ ಚೀಲಕ್ಕೆ ಹಾಕಿಕೊಂಡು ಮಾನ್ವಿ ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ರಾಯಚೂರಿನ ಬಸ್ಸು ಹೋಗಿಬಿಟ್ಟಿತ್ತು, ಮುಂದಿನದು ಒಂದು ತಾಸಿಗಿದೆ ಎಂದರು.

ಸುಮ್ಮನೆ ಕೂರಲಾಗದೆ ಆಟ ತೆರೆದೆ. ಚುಕ್ಕೆ ಹಸಿರಾಗಿತ್ತು!

ಕಲ್ಲುಬೆಂಚಿನ ಮೇಲೆ ಕೂತೇ ಕರೆ ಕಳಿಸಿದೆ. ಬಂದ. ಕಟ್ಟೆಯ ಆ ತುದಿಯಲ್ಲಿ ಗಿಡ್ಡಪ್ಪ, ಈ ತುದಿಯಲ್ಲಿ ಜಡೆಯಮ್ಮ. ನಾನು ಕೂತೆದ್ದೆ. ಅವನು ಕೂರಲಿಲ್ಲ, ಏಳಲಿಲ್ಲ, ಸುಮ್ಮನೆ ನಿಂತಿದ್ದ. ಇನ್ನೂ ಸಿಟ್ಟಿದೆ ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಗಿಡ್ಡಪ್ಪ ತಿರುಗಿ ನನಗೆ ಬೆನ್ನು ಹಾಕಿ ನಡೆದ, ನಡೆಯುತ್ತಾ ನಡೆಯುತ್ತಾ ಕಟ್ಟೆಯ ಅಂಚು ದಾಟಿ ಸೀದಾ ಕೆಳಗೆ ಬಿದ್ದ. ನಾನು ಜಡೆ ಎತ್ತಿಯೂ ಇರಲಿಲ್ಲ. ಎರಡನೇ ಜೀವದಲ್ಲಿ ಒಂದೇ ಜಾಗದಲ್ಲಿ ನಿಂತು ಗಾಳಿಗೆ ಗುದ್ದಿದ, ನಿಂತ, ಮತ್ತೆ ಗುದ್ದಿದ. ಪಕ್ಕದಲ್ಲಿ ಯಾರೋ ಹೇಳಿಕೊಟ್ಟಂತೆ ನಡುನಡುವೆ ಯೋಚಿಸುತ್ತಿದ್ದ. ಗುದ್ದುತ್ತಾ ಗುದ್ದುತ್ತಾ ಮತ್ತೆ ಅಂಚಿಗೆ ಹೋಗಿ ಬಿದ್ದ. ಇವನು ನಿಂಗರಾಜನಲ್ಲ. ಅವನ ಫೋನು ಯಾರ ಕೈಯಲ್ಲಿದೆ?

ಮೂರನೇ ಜೀವದಲ್ಲಿ ಗಿಡ್ಡಪ್ಪ ಎಡವುತ್ತಾ ಹಾರುತ್ತಾ ನನ್ನ ಕಡೆಗೇ ಬಂದ. ನಾನು ಹೊಡೆಯಲಿಲ್ಲ. ಜಡೆಯಮ್ಮನ ಮೈಗೆ ಮೈ ತಾಗುವಷ್ಟು ಹತ್ತಿರ ಬಂದು ನಿಂತ. ಅಷ್ಟರಲ್ಲಿ ಫೋನು ಬಂತು. ಪರದೆಯ ಮೇಲೆ ಇವರ ಹೆಸರು.

“ಲೇ, ಹೊಡಿಬ್ಯಾಡಲೇ. ಇನ್ನಾ ಈಗ ಕಲಿಯಾಕತ್ತೀನಿ.”

ಹಿಂದೆ ಯಾರೋ ನಕ್ಕರು. ಸೋತ ದನಿ, ಕೆಮ್ಮಿನಂಥ ನಗು. ನನಗೆ ಆ ನಗು ಗೊತ್ತು.

“ಗಾಬರಿ ಆಗಬ್ಯಾಡ. ರಾಯಚೂರಾಗ ಸ್ಟೇಷನ್ ಕಡೆ ಒಂದು ದವಾಖಾನಿ, ಅಲ್ಲದೀವಿ. ಜ್ವರ. ಟೈಫಾಯಿಡ್ ಅಂತಾರ. ಅಟ್ಟದ ಮ್ಯಾಲ ಬಿದ್ದಿದ್ದ, ಫೋನಿಗೆ ಚಾರ್ಜ್ ಹಾಕಾಕೂ ಎದ್ದಿಲ್ಲ. ಈಗ ಅಡ್ಡಿಯಿಲ್ಲ, ಎರಡು ತುತ್ತು ಗಂಜಿ ಉಂಡಾನ. ಬಲಗೈಗೆ ಸಲಾಯಿನ್ ಹಚ್ಚ್ಯಾರ, ಅದಕ್ಕ ಗುಂಡಿ ನನ್ನ ಕೈಲೆ ಒತ್ತಿಸಾಕತ್ತಾನ. ಯವ್ವ ಕರಿಯಾಕತ್ತಾಳ, ಹೋಗು ಹೋಗು ಅಂತ ಒಂದ ಸಮ.”

ಎಷ್ಟೋ ಕೇಳಬೇಕಿತ್ತು, ಬಾಯಿಗೆ ಬಂದದ್ದು ಇದೊಂದೇ. “ಗೂಗಲ್ಲಿಗೆ ಹೋಗಿ ಬಂದ್ರ್ಯಾ?”

“ಹೊಂಟಿದ್ದೆ. ದೇವದುರ್ಗದಾಗ ಇಳಿದು ಗೂಗಲ್ ಬಸ್ಸಿಗೆ ಕಾಯಾಕತ್ತಿದ್ದೆ. ರಾಯಚೂರ್ ಬಸ್ ಮೊದಲ ಬಂತು.”

“ಮತ್ತ ಆಣಿ?”

ಇವರು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿತು. ನಾನು ಮೆಲ್ಲಗೆ ಕೇಳಿದೆ. “ಅವಾ ತಪ್ಪಾತು ಅಂದನೇನ್ರಿ?”

“ಅವಾ ಅಂದಿಲ್ಲ” ಎಂದರು. “ನಾ ಅಂದೆ.”

ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತೆ. ಅತ್ತ ಕಡೆ ಫೋನು ಕೈಬದಲಾಯಿತು. “ಯವ್ವಾ” ಎಂದ.

ಮಾತು ಮುಗಿದ ಮೇಲೆ ಬೆಂಚಿನ ಮೇಲೆ ಕೂತು ಇಷ್ಟು ಬರೆದೆ. ರಾಯಚೂರಿನ ಬಸ್ಸು ಬಂತು, ಹತ್ತುತ್ತೇನೆ.